ವನದುರ್ಗದ ತಿರುವಿನಲ್ಲಿ ನಿಲ್ಲುವ ಗಾಡಿ

ನಮ್ಮ ಮನೆಯಲ್ಲಿ ಒಂದು ದೆವ್ವ ಇದೆ. ನಗುವವರು ನಕ್ಕು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ಅದು ಇರುವುದು ಟಿವಿ ಕೆಳಗಿನ ಆಟದ ಡಬ್ಬಿಯಲ್ಲಿ. ಹೈದರಾಬಾದಿನಲ್ಲಿ ಎ.ಸಿ. ರಿಪೇರಿ ಮಾಡುವ ನನ್ನ ತಮ್ಮ ಕೆಲವು ವರ್ಷದ ಹಿಂದೆ ನನ್ನ ಮಗಳಿಗೆಂದು ತಂದುಕೊಟ್ಟ ಡಬ್ಬಿ. ಅದರಲ್ಲಿ ಒಂದೇ ಆಟ. ಕಾರ್ಟೂನಿನ ಮೊಲ, ಕರಡಿ, ಕಪ್ಪೆಗಳು ಆಟಿಕೆಯಂಥ ಪುಟ್ಟ ಕಾರುಗಳಲ್ಲಿ ಕೂತು ರೇಸ್ ಹೋಗುತ್ತವೆ. ಮುಂದಿನವರ ಮೇಲೆ ಟೊಮ್ಯಾಟೊ ಎಸೆದು ಜಾರಿ ಬೀಳಿಸುತ್ತವೆ. ಈ ಆಟ ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಬರುತ್ತಿದೆಯಂತೆ. ಕೆಲವು ವರ್ಷಕ್ಕೊಮ್ಮೆ ಹೊಸದು ಬಿಡುತ್ತಾರೆ, ಹಳೆಯದನ್ನು ಮಕ್ಕಳು ಮರೆಯುತ್ತಾರೆ.

ಮೊನ್ನೆ ಭಾನುವಾರ ತಮ್ಮ ಹೊಸದನ್ನು ತಂದ. ಹೊಸ ಆಟ, ಅದಕ್ಕೆ ಹೊಸ ಡಬ್ಬಿ. ಸ್ಟೇಷನ್ನಿನಿಂದ ನೇರ ಬಂದವನು ಚಹಾ ಕುಡಿಯುವ ಮೊದಲೇ ವಾಯರ್ ಜೋಡಿಸಿದ. ಹಳೇ ಡಬ್ಬಿಯನ್ನು ತನ್ನ ಮಗನಿಗೆ ಒಯ್ಯುತ್ತೇನೆ, ಒಳಗಿರುವುದೆಲ್ಲ ಅಳಿಸಿ ಕೊಡು ಅಂತ ಮಗಳಿಗೆ ಹೇಳಿದ. ಅವಳು ಹಳೇ ಡಬ್ಬಿಯ ಮೇಲೆ ಎರಡೂ ಕೈ ಇಟ್ಟು ಕೂತಳು.

"ಅಳಸಂಗಿಲ್ಲ ಮಾಮಾ. ಇದ್ರಾಗ ಆಪಾ ಅದಾಳ."

ತಮ್ಮ ನನ್ನ ಮುಖ ನೋಡಿದ. "ಯಾವ ಆಪಾ? ಆ ಬಸ್ ಕಂಡಕ್ಟರ್ ಆಪಾ? ಆಕಿ ಬ್ಯಾಸಗ್ಯಾಗ ತೀರಿಕೊಂಡ್ಲಲ್ಲಕ್ಕಾ?"

ಹೌದು, ತೀರಿಕೊಂಡಳು. ಆಕೆಯ ಬಗ್ಗೆ ಬರೆಯಬೇಕು ಅಂತ ಅಂದಿನಿಂದ ಮೂರು ಸಲ ಕೂತಿದ್ದೇನೆ, ಮೂರು ಸಲ ಎದ್ದಿದ್ದೇನೆ. ಹೆಸರು ಬರೆಯುವುದಿಲ್ಲ; ಎಲ್ಲರಿಗೂ ಆಕೆ ಆಪಾ, ಅಂದರೆ ಅಕ್ಕ. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಬಸ್ಸಿನಲ್ಲಿ ಓಡಾಡಿದವರಿಗೆ ಹೆಸರು ಬೇಕಾಗುವುದೂ ಇಲ್ಲ.

ಹೆಂಗಸು ಟಿಕೆಟ್ ಹರಿಯುವುದನ್ನು ಈ ಕಡೆ ಯಾರೂ ಕಂಡಿರದ ಕಾಲದಲ್ಲಿ ಆಕೆ ಕಂಡಕ್ಟರ್ ಆದಳು. ಎತ್ತರದ ಆಳು, ಗಟ್ಟಿ ಗಂಟಲು, ಖಾಕಿ ಕೋಟಿನ ಮೇಲೆ ಬಿಳಿ ಓಢಣಿ. ಸೀಟಿ ಊದುತ್ತಿರಲಿಲ್ಲ. ಬಸ್ಸಿನ ತಗಡಿಗೆ ಅಂಗೈಯಿಂದ ಒಂದು ಏಟು ಹೊಡೆದು "ಹೋಲ್ಡಾನ್" ಅಂದರೆ ನಿಲ್ಲಬೇಕು, ಎರಡು ಏಟು ಹೊಡೆದು "ರೈಟ್ ರೈಟ್" ಅಂದರೆ ಹೊರಡಬೇಕು. ಡ್ರೈವರುಗಳು ಆ ಅಂಗೈಗೆ ಹೆದರುತ್ತಿದ್ದರು. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ, "ದಿನಾ ಬಸ್ ತುಂಬ ಮಂದೀ ಸಂಸಾರ ನೋಡ್ತೀನಲ್ಲ, ಮತ್ತ ನಂದೊಂದ್ಯಾಕ?" ಅನ್ನುತ್ತಿದ್ದಳು.

ಆಕೆಗೆ ಒಂದು ಮಾತು ಚಟವಾಗಿಬಿಟ್ಟಿತ್ತು. "ಒಳಗ ಸರೀರಿ, ಒಳಗ ಜಾಗಾ ಅದ." ಬಸ್ಸಿನಲ್ಲಷ್ಟೇ ಅಲ್ಲ. ನಮ್ಮ ನಾದಿನಿ ಮದುವೆಯಲ್ಲಿ ಊಟದ ಬಾಗಿಲಲ್ಲಿ ಜನ ನೂಕಾಡುವಾಗ ಆಪಾ ಹೊಸ್ತಿಲಲ್ಲಿ ನಿಂತು ಹಾಗೇ ಕೂಗಿದಳು. ಅಷ್ಟೂ ಮಂದಿ ತಣ್ಣಗೆ ಸಾಲಾಗಿ ಒಳಗೆ ಹೋದರು. ಬೀಗರೊಬ್ಬರಂತೂ ಅಂಗಿಯ ಕಿಸೆಗೆ ಕೈ ಹಾಕಿ ಟಿಕೆಟ್ಟಿಗೆ ಚಿಲ್ಲರೆ ಹುಡುಕಿದ್ದರು.

ಆಕೆಯ ಬಸ್ಸಿಗೆ ಒಂದು ಹುಚ್ಚು ಇತ್ತು. ಶಹಾಪುರ ದಾಟಿ ಸುರಪುರಕ್ಕೆ ಹೋಗುವಾಗ, ವನದುರ್ಗದ ಹಾದಿ ಬಂದು ಕೂಡುವ ಒಂದು ತಿರುವು. ಒಂದು ಬೇವಿನ ಮರ ಬಿಟ್ಟರೆ ಅಲ್ಲಿ ಏನೂ ಇಲ್ಲ. ಅದು ಸ್ಟಾಪೂ ಅಲ್ಲ. ಆಪಾ ಡ್ಯೂಟಿಯಲ್ಲಿದ್ದರೆ ಬಸ್ಸು ಅಲ್ಲಿ ನಿಲ್ಲಲೇಬೇಕು. ಯಾರೂ ಹತ್ತುತ್ತಿರಲಿಲ್ಲ, ಯಾರೂ ಇಳಿಯುತ್ತಿರಲಿಲ್ಲ. ಆಕೆ ಹಿಂದಿನ ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ವನದುರ್ಗದ ಹಾದಿಯನ್ನು ಒಂದು ಸಲ ನೋಡುತ್ತಿದ್ದಳು, ಆಮೇಲೆ ಎರಡು ಏಟು. ಒಮ್ಮೆ ಸುರಪುರದ ನೆಂಟರ ಮನೆಗೆ ಹೊರಟಾಗ ನಾನೇ ಆ ಬಸ್ಸಿನಲ್ಲಿದ್ದೆ. ಡ್ರೈವರ್ ಸಿಡುಕಿದ.

"ಆಪಾ, ಅಲ್ಲಿ ನರಪಿಳ್ಳೀ ಇಲ್ಲಲ್ರೀ!"

"ಇಲ್ಲಂತ ನಿಂದ್ರಲಾರ್ದ ಹೆಂಗ ಗೊತ್ತಾಗ್ತದೋ? ನಿಂದ್ರಸು."

"ದೆವ್ವಕ್ಕ ಟಿಕೆಟ್ ಹರೀತೀರೇನು?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆಪಾ ನಗಲಿಲ್ಲ. ಯಾರಾದರೂ ತನ್ನ ಮೇಲೆ ಚೇಷ್ಟೆ ಮಾಡಿದರೆ ಎರಡರಷ್ಟು ತಿರುಗಿಸಿ ಕೊಡುವ ಹೆಂಗಸು ಅಂದು ಸುಮ್ಮನಿದ್ದದ್ದು ನನಗೆ ಆಗಲೇ ವಿಚಿತ್ರವೆನಿಸಿತ್ತು.

ರಿಟೈರ್ ಆದ ಮೇಲೆ ಆಪಾ ನಮ್ಮ ಓಣಿಯಲ್ಲೇ ತಂಗಿಯ ಮನೆಗೆ ಬಂದಳು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಬಾಗಿಲು ಯಾವಾಗಲೂ ತೆರೆದಿರುತ್ತದೆ. ಊಟವಾದ ಮೇಲೆ ಆಕೆ ಬರುವುದು ರೂಢಿಯಾಯಿತು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ನನ್ನ ಉಕ್ಕಿನ ಅಲಮಾರಿಗೆ ಒರಗಿ, ಒಂದು ಕಾಲು ಮುಂದೆ ಚಾಚಿ ನಿಲ್ಲುತ್ತಿದ್ದಳು. ನಮ್ಮ ಮನೆಯೇ ಹೊಂಡದ ರಸ್ತೆಯಲ್ಲಿ ಓಡುತ್ತಿದೆಯೋ ಎನ್ನುವ ಹಾಗೆ. ಹರಟೆ ಮಧ್ಯೆ ಮಾತು ಮುಗಿಯಿತು ಅನ್ನಿಸಿದರೆ ಅಲಮಾರಿಗೆ ಎರಡು ಏಟು ಹೊಡೆದು ಹೊರಟುಬಿಡುವಳು. ನನ್ನ ಗಿರಾಕಿಗಳು ಬೆಚ್ಚಿ ಬೀಳುತ್ತಿದ್ದರು.

ಆಟ ಕಲಿಸಿದ್ದು ಮಗಳು. ರಜೆಯಲ್ಲಿ ಜೊತೆಗೆ ಆಡುವವರಿಲ್ಲದೆ ಒಂದು ದಿನ ಆಪಾ ಕೈಗೆ ರಿಮೋಟ್ ತುರುಕಿದಳು.

"ಮೊದಲ್ನೇದು ಬಂದ್ರ ಏನ್ ಕೊಡ್ತಾರ?" ಅಂತ ಆಪಾ ಕೇಳಿದಳು.

"ಕಪ್ ಕೊಡ್ತಾರ್ರೀ."

"ಹಿಂದ ಉಳದಾವ್ರಿಗಿ?"

"ಏನೂ ಇಲ್ರೀ."

"ಮತ್ತ ಅವ್ರು ಮನಿಗಿ ಹೆಂಗ ಹೋಗ್ತಾರ?"

ಮಗಳು ಬಿದ್ದು ಬಿದ್ದು ನಕ್ಕಳು. ಆಪಾ ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದಳು.

ಆಟ ಶುರುವಾಯಿತು. ದೀಪ ಹಸಿರಾದ ಕೂಡಲೇ ಉಳಿದ ಗಾಡಿಗಳೆಲ್ಲ ಧೂಳೆಬ್ಬಿಸಿ ಹೋದವು. ಆಪಾ ಕಾರು ಅಲ್ಲೇ ನಿಂತಿತ್ತು. "ಒತ್ರೀ ಆಪಾ, ಒತ್ರೀ!" ಅಂತ ಮಗಳು ಕುಣಿಯುತ್ತಿದ್ದಳು. ಆಪಾ ಅಲಮಾರಿಗೆ ಎರಡು ಏಟು ಹೊಡೆದು, "ರೈಟ್ ರೈಟ್" ಅಂದು, ಆಮೇಲೆ ಬಟನ್ ಒತ್ತಿದಳು. ಪಾಪ, ಎಷ್ಟೋ ವರ್ಷ ಡ್ರೈವರನ ಬೆನ್ನ ಹಿಂದೆ ನಿಂತವಳು. ಹೋಗು ಅಂತ ಯಾರೋ ಹೇಳದೆ ಗಾಡಿ ಹೋಗುತ್ತದೆ ಎನ್ನುವುದು ಆಕೆಯ ತಲೆಗೆ ಹತ್ತಲೇ ಇಲ್ಲ. ಆಟ ಆಡುವಾಗ ತಾನೇ ಡ್ರೈವರ್, ತಾನೇ ಕಂಡಕ್ಟರ್.

ಮೇಲಿಂದ ಸ್ಟಾಪು ಬೇರೆ. ಆ ಆಟದಲ್ಲಿ ಬೆಟ್ಟದ ಒಂದು ರಸ್ತೆಯಿದೆ. ಬೆಟ್ಟ ಇಳಿದು ಬಂದ ಮೇಲೆ ಒಂದು ತಿರುವು. ಅಲ್ಲಿ ಬೇಲಿಯ ಪಕ್ಕ ಒಂದು ಕಾರ್ಟೂನ್ ಮೊಲ ರೇಸ್ ನೋಡುತ್ತ ಕೈ ಎತ್ತಿ ಬೀಸುತ್ತಿರುತ್ತದೆ. ಸುಮ್ಮನೆ ಅಂದಕ್ಕೆ ಇಟ್ಟ ಗೊಂಬೆ. ಆಪಾ ಪ್ರತಿ ಸಲ ಅದರ ಮುಂದೆ ಕಾರು ನಿಲ್ಲಿಸುವಳು.

"ಆಪಾ, ಅದು ಸುಮ್ನ ಗೊಂಬಿರೀ!"

"ಕೈ ಮಾಡ್ಯಾದಲ್ಲ ಬೇಟಿ. ಕೈ ಮಾಡಿದಾವ್ರ್ನ ಬಿಟ್ಟು ಹೋಗಬಾರ್ದು."

"ಅದು ಹತ್ತಂಗಿಲ್ರೀ."

"ಹತ್ತೋದು ಬಿಡೋದು ಅದ್ರ ಮರ್ಜಿ. ನಿಂದ್ರೋದು ನಮ್ಮ ಡ್ಯೂಟಿ."

ಮಗಳು ಹಿಂದಿನಿಂದ ಟೊಮ್ಯಾಟೊ ಹೊಡೆದರೆ, "ಹೊಡಿಯೋದಿದ್ರ ಟಿಕೆಟ್ ತಗೊಂಡು ಹೊಡಿ" ಅನ್ನುವಳು. ಸದಾ ಕೊನೆಯವಳು. ಒಮ್ಮೆಯೂ ಬೇಜಾರಾಗಲಿಲ್ಲ.

ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು, ಮಗಳು ಶಾಲೆಗೆ ಹೋಗಿದ್ದಳು. ನಾನು ಬ್ಲೌಸಿಗೆ ತೋಳು ಜೋಡಿಸುತ್ತ ಚೇಷ್ಟೆ ಮಾಡಿದೆ. "ಆಪಾ, ಆ ಮೊಲದ ಮುಂದ ನಿಂದ್ರೋದು, ಆ ವನದುರ್ಗದ ತಿರುವಿನ್ಯಾಗ ನಿಂದ್ರೋದು, ಎರಡೂ ಒಂದೇ ನೋಡ್ರಿ. ಯಾರ ದಾರಿ ಕಾಯ್ತಿದ್ರಿ ಅಲ್ಲಿ? ಯಾರರೇ ಇದ್ರೇನು?"

ನಕ್ಕು ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಅಲಮಾರಿಯಿಂದ ಬೆನ್ನು ಬಿಡಿಸಿದಳು. ಮೊದಲ ಸಲ ನನ್ನ ಮನೆಯಲ್ಲಿ ಕೂತಳು, ಅದೂ ನೆಲದ ಮೇಲೆ.

"ಇದ್ಲು," ಅಂದಳು.

ಆಪಾ ಕೆಲಸಕ್ಕೆ ಸೇರಿದ ಹೊಸತು. ಸಂತೆಯ ದಿನ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆ ತಿರುವಿನಲ್ಲಿ ಒಬ್ಬ ಮುದುಕ ಇಳಿದ. ಹೊತ್ತಾಗಿದೆ ಅಂತ ಡ್ರೈವರ್ ಬೈಯುತ್ತಿದ್ದ.

"ನಾ ಎರಡು ಏಟು ಹಾಕಿದೆ. ಬಸ್ ಹೊಂಟ್ತು. ಹೊಂಟ ಮ್ಯಾಲೆ ಹಿಂದಿನ ಗ್ಲಾಸಿನ್ಯಾಗ ನೋಡ್ತೀನಿ, ವನದುರ್ಗದ ಹಾದ್ಯಾಗಿಂದ ಒಬ್ಬಾಕಿ ಓಡಿ ಬರ್ಲಾಕತ್ತಾಳ. ನನ್ನ ವಯಸ್ಸಿನಾಕಿ. ಒಂದು ಚಪ್ಪಲಿ ಕಾಲಾಗ, ಒಂದು ಕೈಯಾಗ. ಇನ್ನೊಂದು ಕೈ ಎತ್ಯಾಳ."

"ಬಸ್ ತಪ್ಪಿದ್ರ ಇನ್ನೊಂದು ಬಸ್ ಸಿಗ್ತದ ಬಿಡ್ರಿ ಆಪಾ," ಅಂದೆ ನಾನು.

"ಬಸ್ಸಿಗಿ ಓಡಿ ಬರಾವ್ರು ಬಸ್ ನೋಡ್ತಾರ, ತಂಗಿ. ಆಕಿ ಹಿಂದ ನೋಡಕೋತ ಓಡ್ಲಾಕತ್ತಿದ್ಲು."

ನನ್ನ ಕಾಲು ಮಿಷಿನ್ನಿನ ಮೇಲೆ ಹಾಗೇ ನಿಂತಿತು.

"ಒಂದು ಏಟು. ತಗಡಿಗಿ ಒಂದೇ ಒಂದು ಏಟು ಹಾಕೋದಿತ್ತು. ಕೈ ಎತ್ತೀನಿ ನೋಡು, ಹಿಂಗ. ಡ್ರೈವರ್ ಬೈತಾನಂತ ಇಳಿಸಿದೆ. ಹೊಸಬಾಕಿ ಇದ್ದೆ, ಹೆಂಗಸ್ರಿಗಿ ಈ ಕೆಲ್ಸ ನೀಗಂಗಿಲ್ಲ ಅಂತಾರಂತ ಅಂಜಿಕಿ. ಬಸ್ ತಿರುವು ದಾಟ್ತು. ಆಕಿ ಕಾಣಲಾರ್ದಂಗಾದ್ಲು."

ಮರುದಿನ ಆಪಾ ಅಲ್ಲಿ ಬಸ್ಸು ನಿಲ್ಲಿಸಿದಳು. ಯಾರೂ ಇಲ್ಲ. ಅದರ ಮರುದಿನವೂ ನಿಲ್ಲಿಸಿದಳು. ಶಹಾಪುರದಲ್ಲಿ ಬಸ್ಸು ಹತ್ತುವ ವನದುರ್ಗದ ಕಡೆಯವರನ್ನೆಲ್ಲ ವರ್ಷಗಟ್ಟಲೆ ಕೇಳಿದಳು. ಆ ಕಡೆ ಅಂಥ ಹೆಂಗಸೇ ಇರಲಿಲ್ಲ ಅಂತ ಒಬ್ಬರು. ಯಾರದೋ ಸೊಸೆ ಇದ್ದಳು, ತವರು ಬಳಿಚಕ್ರಕ್ಕೆ ಹೋದವಳು ತಿರುಗಿ ಬರಲಿಲ್ಲ, ಅಲ್ಲೇ ಚೆನ್ನಾಗಿದ್ದಾಳೆ ಅಂತ ಇನ್ನೊಬ್ಬರು. ಬಾವಿಗೆ ಬಿದ್ದವಳೊಬ್ಬಳಿದ್ದಳು ಅಂತ ಮತ್ತೊಬ್ಬರು. ಮೂವರೂ ಒಂದೇ ಬಸ್ಸಿನಲ್ಲಿ, ಒಬ್ಬರ ಪಕ್ಕ ಒಬ್ಬರು ಕೂತು ಹೇಳಿದ್ದು.

"ಸತ್ತಾಳಂದ್ರ ಅತ್ತು ಬಿಡ್ತಿದ್ದೆ. ಬದುಕ್ಯಾಳಂದ್ರೂ ಅತ್ತು ಬಿಡ್ತಿದ್ದೆ. ಎರಡೂ ಇಲ್ಲ. ಆಕಿ ಇನ್ನಾ ಓಡ್ಲಾಕತ್ತಾಳ, ತಂಗಿ. ಆ ಹಾದ್ಯಾಗ ಇನ್ನಾ ಓಡ್ಲಾಕತ್ತಾಳ."

ಬೇರೆ ರೂಟು ಕೊಡುತ್ತೇವೆ ಅಂದರೂ ಆಕೆ ಒಲ್ಲೆ ಅಂದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು. ಬಜಾರಿಗೆ ಜೊತೆಯಲ್ಲಿ ಹೋಗುವಾಗ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದದ್ದು ಯಾಕೆ ಅಂತಲೂ. ನಾನು ಅದಕ್ಕೂ ನಕ್ಕಿದ್ದೆ, "ಯಾರರೇ ಬೆನ್ನ ಹತ್ತ್ಯಾರೇನ್ರಿ ಆಪಾ" ಅಂತ.

ಅದಾಗಿ ಸ್ವಲ್ಪ ದಿನಕ್ಕೆ ಮಗಳು ಆಪಾಗೆ ಒಂದು ಉಪಾಯ ಹೇಳಿಕೊಟ್ಟಳು. ಈ ಆಟದಲ್ಲಿ ಬೇರೆ ಗಾಡಿಗಳಿಲ್ಲದೆ ಒಬ್ಬರೇ ಮೂರು ಸುತ್ತು ಓಡಿಸಬಹುದು. ಟೊಮ್ಯಾಟೊ ಇಲ್ಲ, ನೂಕಾಟ ಇಲ್ಲ. ನೀವು ಹೋದ ಹಾದಿಯನ್ನೆಲ್ಲ ಡಬ್ಬಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ರಸ್ತೆಗೆ ಯಾರಾದರೂ ಇಳಿದರೆ, ನೀವು ಹೋದ ಹಾಗೆಯೇ ಹೋಗುವ ಒಂದು ಗಾಡಿ ಅವರ ಜೊತೆ ಓಡುತ್ತದೆ. ಗಾಜಿನಂತೆ ಆಚೆಯದೆಲ್ಲ ಕಾಣುವ ಗಾಡಿ. ಡಿಕ್ಕಿ ಹೊಡೆದರೂ ತಾಗುವುದಿಲ್ಲ. ಆಟದ ಮಂದಿಯೇ ಅದಕ್ಕೆ ದೆವ್ವ ಅಂತ ಹೆಸರಿಟ್ಟಿದ್ದಾರೆ. ಯಾರಾದರೂ ಅದಕ್ಕಿಂತ ಮೊದಲು ಗೆರೆ ಮುಟ್ಟಿದರೆ ಹಳೇ ದೆವ್ವ ಅಳಿಸಿಹೋಗಿ, ಗೆದ್ದವರದು ಅಲ್ಲಿ ಕೂರುತ್ತದೆ.

ಅದುವರೆಗೆ ಯಾರೂ ಒಬ್ಬರೇ ಓಡಿಸಿರದ ಬೆಟ್ಟದ ರಸ್ತೆಯನ್ನು ಹಚ್ಚಿಕೊಟ್ಟು ಮಗಳು ಟ್ಯೂಷನ್ನಿಗೆ ಹೋದಳು. ನಾನು ಹೊರಗೆ ಬಾಗಿಲಲ್ಲಿ ಗಿರಾಕಿಯ ಅಳತೆ ತೆಗೆಯುತ್ತಿದ್ದೆ. ಒಳಗಿನಿಂದ ಎರಡು ಏಟು, ಆಮೇಲೆ ಒಂದು, ಮತ್ತೆ ಎರಡು, ಹೀಗೆ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಆಪಾ ಕಿರುಚಿದಳು. "ಹೋಲ್ಡಾನ್! ಅರೇ ಹೋಲ್ಡಾನ್! ಹೋಲ್ಡಾನ್!" ಅಲಮಾರಿ ಧಡ್ ಅಂತು. ಗಿರಾಕಿ ಟೇಪು ಸಮೇತ ಹಾರಿದಳು. ಎಲ್ಲೋ ಹಳ್ಳಕ್ಕೆ ಬಿದ್ದಿರಬೇಕು ಅಂತ ನಾನು ನಕ್ಕೆ. ಅಳತೆ ಮುಗಿಸಿ ಒಳಗೆ ಹೋದಾಗ ಟಿವಿಯಲ್ಲಿ ಆಟ ಮುಗಿದು ಸಂಗೀತ ಬರುತ್ತಿತ್ತು. ಆಪಾ ಓಢಣಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಯಾಕ್ರೀ ಆಪಾ, ಏನಾಯ್ತು?"

"ಏನಿಲ್ಲ. ಮುಗೀತು. ಸಾಕು."

ಆಮೇಲೆ ಆಕೆ ರಿಮೋಟ್ ಮುಟ್ಟಲಿಲ್ಲ. ಮಗಳು ಎಷ್ಟು ಗೋಗರೆದರೂ ಮುಟ್ಟಲಿಲ್ಲ. ಬರುವುದು ಬಿಡಲಿಲ್ಲ. ಬಂದು, ಒರಗಿ ನಿಂತು, ನಮ್ಮಿಬ್ಬರನ್ನೂ ಬೈದು, ಎರಡು ಏಟು ಹೊಡೆದು ಹೋಗುವಳು. ಒಂದು ಬದಲಾವಣೆಯನ್ನು ಮಾತ್ರ ನಾನು ಆಗ ಗಮನಿಸಿರಲಿಲ್ಲ, ಈಗ ಯೋಚಿಸಿದರೆ ಹೊಳೆಯುತ್ತದೆ: ಬಜಾರಿಗೆ ಹೋಗುವಾಗ ಹಿಂದೆ ತಿರುಗಿ ನೋಡುವುದು ನಿಂತಿತ್ತು.

ಬೇಸಿಗೆಯಲ್ಲಿ ಎರಡು ದಿನ ಜ್ವರ ಬಂತು, ಅಷ್ಟೇ. ಹೋದಳು. ಆಕೆಯ ತಂಗಿಯ ಮನೆ ಮುಂದೆ ಶಹಾಪುರದವರು, ಸುರಪುರದವರು, ಯಾವ ಯಾವ ಸ್ಟಾಪಿನವರೋ ತುಂಬಿದ್ದರು. ಬಾಗಿಲಲ್ಲಿ ಜನ ಕಿಕ್ಕಿರಿದು ನಿಂತು ಒಳಗೂ ಹೋಗಲೊಲ್ಲರು, ಹೊರಗೂ ಬರಲೊಲ್ಲರು. ಒಳಗೆ ಜಾಗವಿತ್ತು. "ಒಳಗ ಸರೀರಿ" ಅನ್ನುವವಳು ಅಲ್ಲೇ ಮಲಗಿದ್ದಳು.

ಇಷ್ಟನ್ನೂ ತಮ್ಮನಿಗೆ ಹೇಳಿದೆ, ಮಗಳೂ ಅಲ್ಲೇ ಕೂತು ಕೇಳಿದಳು. ತಮ್ಮ ಹಳೇ ಡಬ್ಬಿಯ ವಾಯರ್ ಸುತ್ತುತ್ತಲೇ ಕೇಳಿಸಿಕೊಂಡ. ಕೆಟ್ಟವನಲ್ಲ, ಅವಸರದವನು.

"ಅಕ್ಕಾ, ಅದು ದೆವ್ವ ಅಲ್ಲ, ಏನಲ್ಲ. ಒಳಗ ಒಂದೀಟು ಲೆಕ್ಕ ಇರ್ತದ, ಅಷ್ಟ. ನನ್ನ ಮಗ ಕಾಯ್ಲಾಕತ್ತಾನ. ಹೊಸದು ನೋಡ್ರಿ ಎಷ್ಟ್ ಚಂದ ಅದ."

ಹೊಸದು ಚಂದವಿದೆ, ಸುಳ್ಳು ಹೇಳುವುದಿಲ್ಲ. ಅದರಲ್ಲಿ ರಸ್ತೆಗಳೆಲ್ಲ ಒಂದಕ್ಕೊಂದು ಕೂಡಿವೆ. ರೇಸ್ ಬೇಡವೆಂದರೆ ಬಿಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದು, ಊರೂರು ತಿರುಗಬಹುದು. ಮಗಳು ಅರ್ಧ ಗಂಟೆ ಆಡಿ ರಿಮೋಟ್ ಕೆಳಗಿಟ್ಟಿದ್ದಳು. "ಇದು ಆಪಾಗ ಬೇಕಾಗಿತ್ತು ಅವ್ವಾ. ಎಲ್ಲಾ ಊರಾಗ ನಿಂದ್ರಸ್ತಿದ್ಲು."

ಈಗ ಅವಳು ಮಾಮನನ್ನು ಬೇಡಿಕೊಂಡಳು. "ಒಮ್ಮಿ ನೋಡು ಮಾಮಾ. ಪೂರಾ ನಾನೂ ನೋಡಿಲ್ಲ. ನಾ ಆಡಿದ್ರ ಗೆದ್ದು ಬಿಡ್ತೀನಂತ ಅಂಜಿ ಎರಡ್ನೇ ಸುತ್ತಿನ್ಯಾಗ ಬಂದ್ ಮಾಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಅವ್ವಾ, ನೀ ಆಡು. ನೀ ಹೆಂಗೂ ಸೋಲ್ತಿ."

ಹಳೇ ಡಬ್ಬಿಗೆ ಮತ್ತೆ ವಾಯರ್ ಹಚ್ಚಿದರು. ನನ್ನ ಕೈಗೆ ರಿಮೋಟ್ ಬಂತು. ನಾನು ಅಪ್ಪಿತಪ್ಪಿ ಮುಂದೆ ಹೋಗಿ ಮುಟ್ಟಿದರೆ ಆಪಾ ಇಲ್ಲ.

ದೀಪ ಹಸಿರಾಯಿತು. ನನ್ನ ಪಕ್ಕದಲ್ಲಿ ಆ ಗಾಜಿನಂಥ ಕಾರು ಅಲ್ಲಾಡಲಿಲ್ಲ. ಏಟಿನ ಸದ್ದು ಅದರಲ್ಲಿ ಇಲ್ಲ, ಆದರೆ ಎರಡು ಏಟಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು ಹೊರಟಿತು. ತಮ್ಮ ಹೊಸದರ ವಾಯರ್ ಸುತ್ತುವುದನ್ನು ನಿಲ್ಲಿಸಿದ. ನಾನು ಹಿಂದೆ ಹಿಂದೆ ಹೋದೆ. ಮೊದಲ ಸುತ್ತಿನಲ್ಲಿ ಅದು ಮೊಲದ ಮುಂದೆ ನಿಂತಿತು, ನಾನೂ ನಿಂತೆ. ಎರಡನೇ ಸುತ್ತಿನಲ್ಲೂ ಹಾಗೇ ಆಯಿತು.

ಮೂರನೇ ಸುತ್ತಿನಲ್ಲಿ ಅದು ಜೋರಾಗಿ ಬಂತು. ಬೆಟ್ಟ ಇಳಿದ ಸೆಳವಿಗೆ ಕೈ ಮೀರಿರಬೇಕು. ಮೊಲ ಕೈ ಎತ್ತಿಕೊಂಡೇ ಹಿಂದೆ ಉಳಿಯಿತು. ಕಾರು ತಿರುವು ದಾಟಿತು. ನಾನೂ ದಾಟಿದೆ. ಮುಂದೆ ಗೆರೆ ಕಾಣುತ್ತಿತ್ತು.

ಅಲ್ಲಿ ಕಾರು ಗಕ್ಕನೆ ನಿಂತಿತು. ಅಲಮಾರಿ ಧಡ್ ಅಂದದ್ದು, ಆಪಾ ಕಿರುಚಿದ್ದು, ಅದು ಈ ಜಾಗ. ನಿಂತ ಕಾರು ಹಿಂದಕ್ಕೆ ಬರತೊಡಗಿತು. ಆಟದಲ್ಲಿ ಯಾರೂ ಹಿಂದಕ್ಕೆ ಹೋಗುವುದಿಲ್ಲ. ಸೊಟ್ಟಸೊಟ್ಟವಾಗಿ, ಬೇಲಿಗೆ ತಾಗುತ್ತ ಬಂತು. ನಾನು ದಾರಿಯಲ್ಲಿದ್ದೆ. ನನ್ನ ಕಾರಿನೊಳಗಿಂದಲೇ ಹಾದುಹೋಯಿತು. ನಾನು ಕಾರು ತಿರುಗಿಸಿ ಬೆನ್ನು ಹತ್ತಿದೆ. ಅದು ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಿ, ತಿರುವು ದಾಟಿ, ಕೈ ಎತ್ತಿದ್ದರ ಮುಂದೆ ಸರಿಯಾಗಿ ನಿಂತಿತು.

ನಿಂತೇ ಇತ್ತು. ಮೊದಲೆರಡು ಸುತ್ತಿಗಿಂತ ಬಹಳ ಹೊತ್ತು.

"ಹತ್ತಿದ್ಲೇನವ್ವಾ?" ಮಗಳು ಪಿಸುಗುಟ್ಟಿದಳು.

ತಮ್ಮನ ಕೈಯಲ್ಲಿದ್ದ ವಾಯರ್ ಬಿಚ್ಚಿಕೊಂಡು ನೆಲಕ್ಕೆ ಇಳಿದಿತ್ತು.

ಮಗಳು ಎದ್ದು ಹೋಗಿ ಅಲಮಾರಿಗೆ ಒರಗಿ ನಿಂತಳು. ಅಂಗೈಯಿಂದ ಎರಡು ಏಟು ಹೊಡೆದಳು.

ಗಾಡಿ ಹೊರಟಿತು.